ಸ್ಟಾಂಪ್ ಆಲ್ಬಂನಲ್ಲಿ ವಿಕ್ಟೋರಿಯಾ ಕಾಲದ ಕ್ರಿಸ್‌ಮಸ್

ಕ್ರಿಸ್‌ಮಸ್ ಸ್ಟಾಂಪುಗಳನ್ನೆಲ್ಲ ಕೂಡಿಹಾಕಲು ಹೊರಟರೆ ಅದು ಮುಗಿಯುವ ಕೆಲಸವಲ್ಲ. ಬ್ರಿಟನ್ ಒಂದೇ 1966ರಿಂದ ಪ್ರತಿ ವರ್ಷ ಹೊಸ ಸೆಟ್ ತರುತ್ತಿದೆ. ಅದಕ್ಕೇ ಒಂದು ಎಳೆ ಹಿಡಿಯಿರಿ: ರಾಣಿ ವಿಕ್ಟೋರಿಯಾ ಕಾಲದ ಹಬ್ಬದ ಪದ್ಧತಿಗಳು.

ಮೊದಲು ಮೂರು ಬ್ರಿಟಿಷ್ ಸೆಟ್ ಹುಡುಕಿ. 1993ರದ್ದು ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಗೆ 150 ವರ್ಷ ತುಂಬಿದಾಗ ಬಂದದ್ದು. ಚಿತ್ರ ಕ್ವೆಂಟಿನ್ ಬ್ಲೇಕ್ ಅವರದು. ಜಿಪುಣ ಸ್ಕ್ರೂಜ್ ಇದ್ದಾನೆ, ಹಬ್ಬದೂಟದ ಟರ್ಕಿ ಕೋಳಿಯೂ ಇದೆ. 1997ರ ಸೆಟ್ ಕ್ರಿಸ್‌ಮಸ್ ಕ್ರ್ಯಾಕರ್‌ನ (ಎರಡೂ ತುದಿ ಹಿಡಿದು ಎಳೆದರೆ ಪಟ್ ಎಂದು ಬಿಚ್ಚಿಕೊಳ್ಳುವ ಉಡುಗೊರೆ ಸುರುಳಿ) 150ನೇ ವರ್ಷಕ್ಕೆ.

ನನಗೆ ಇಷ್ಟವಾದದ್ದು 1995ರ ರಾಬಿನ್ ಹಕ್ಕಿಗಳು. ವಿಕ್ಟೋರಿಯಾ ಕಾಲದ ಅಂಚೆಯವರು ಕೆಂಪು ಕೋಟು ಹಾಕುತ್ತಿದ್ದರು. ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ಹಾಗಾಗಿ ಗ್ರೀಟಿಂಗ್ ಕಾರ್ಡುಗಳಲ್ಲಿ ಕೆಂಪೆದೆಯ ಈ ಹಕ್ಕಿ ಕೊಕ್ಕಿನಲ್ಲಿ ಕಾಗದ ಹಿಡಿದು ಬಂತು. 19 ಪೆನ್ಸ್ ಸ್ಟಾಂಪಿನಲ್ಲಿ ಅದು ಅಂಚೆ ಡಬ್ಬಿಯ ಬಾಯಲ್ಲೇ ಕೂತಿದೆ!

ಬಳಸಿದ ಸ್ಟಾಂಪೇ ಸಾಕು, ಅಗ್ಗವೂ ಹೌದು. ಲಕೋಟೆ ಸಮೇತ ಸಿಕ್ಕಿ, ಮುದ್ರೆಯಲ್ಲಿ ಡಿಸೆಂಬರ್ ತಾರೀಖು ಸ್ಪಷ್ಟವಾಗಿದ್ದರೆ ಬಿಡಿಸಲೇಬೇಡಿ. ಉಳಿದವನ್ನು ಲಕೋಟೆಯ ಕಾಗದ ಸುತ್ತ ಸ್ವಲ್ಪ ಬಿಟ್ಟು ಕತ್ತರಿಸಿ, ತಣ್ಣೀರಲ್ಲಿ ತೇಲಿಬಿಡಿ. ಗೋಂದು ಕರಗಿದ ಮೇಲೆ ಸ್ಟಾಂಪು ತಾನೇ ಜಾರುತ್ತದೆ. ಅವಸರಪಟ್ಟು ಎಳೆಯಬೇಡಿ. ಕ್ರಿಸ್‌ಮಸ್ ಲಕೋಟೆಗಳಲ್ಲಿ ಕೆಂಪು, ಹಸಿರು ಜಾಸ್ತಿ ಅಲ್ವಾ, ಬಣ್ಣ ಬಿಟ್ಟು ಪಕ್ಕದ ಸ್ಟಾಂಪನ್ನೂ ಕೆಡಿಸುತ್ತವೆ. ಅಂಥವಕ್ಕೆ ಬೇರೆ ತಟ್ಟೆ ಇಡಿ. ಈಚಿನ ಸ್ಟಿಕರ್ ಥರದ ಸ್ಟಾಂಪುಗಳನ್ನು ನೆನೆಹಾಕದೆ ಕಾಗದದ ಸಮೇತ ಇಟ್ಟುಕೊಳ್ಳುವುದೇ ಕ್ಷೇಮ.

ಬಿಳಿ ಕಾಗದದ ಮೇಲೆ ಒಣಗಿಸಿ, ಪುಸ್ತಕದಡಿ ಒತ್ತಿಟ್ಟು, ಚಿಮಟದಲ್ಲಿ ಎತ್ತಿ ಸ್ಟಾಕ್‌ಬುಕ್‌ಗೆ (ಅಂಟಿಸದೆ ಪಟ್ಟಿಗಳೊಳಗೆ ಸ್ಟಾಂಪು ಸಿಕ್ಕಿಸುವ ಆಲ್ಬಂ) ಸೇರಿಸಿ. ಬಳಸದ ಸ್ಟಾಂಪಿನ ಗೋಂದು ಕರಾವಳಿಯ ಮಳೆಗಾಲದ ತೇವಕ್ಕೆ ಪುಟಕ್ಕೇ ಅಂಟಿಕೊಳ್ಳುತ್ತದೆ. ಆಲ್ಬಂ ನಿಲ್ಲಿಸಿಯೇ ಇಡಿ, ಮೇಲೆ ಭಾರ ಬೇಡ.

ಕೈ ಪಳಗಿದ ಮೇಲೆ ರಾಣಿ ಬದುಕಿದ್ದಾಗಲೇ ಬಂದ ಒಂದನ್ನು ಹುಡುಕಿ: 1898ರ ಕೆನಡಾದ 2 ಸೆಂಟ್ ಸ್ಟಾಂಪು. ಸಾಮ್ರಾಜ್ಯದೊಳಗೆ ಅಗ್ಗದ ಅಂಚೆ ದರ ಆ ವರ್ಷದ ಡಿಸೆಂಬರ್ 25ಕ್ಕೆ ಶುರುವಾಯಿತು. ಆ ನೆಪಕ್ಕೆ ಬಂದ ಸ್ಟಾಂಪಿನ ಮೇಲೆ 'ಎಕ್ಸ್‌ಮಸ್ 1898' (ಕ್ರಿಸ್‌ಮಸ್ ಎಂಬುದರ ಚಿಕ್ಕ ರೂಪ) ಎಂದಿದೆ, ಜೊತೆಗೆ ಲೋಕದ ನಕ್ಷೆ. ಬ್ರಿಟಿಷರ ಕೈಯಲ್ಲಿದ್ದ ನಾಡುಗಳೆಲ್ಲ ಕೆಂಪು, ನಮ್ಮದೂ ಸೇರಿ. ಕೆಲವು ಪ್ರತಿಗಳಲ್ಲಿ ಆ ಕೆಂಪು ಗಡಿ ದಾಟಿ ಪಕ್ಕಕ್ಕೆ ಸರಿದಿರುತ್ತದೆ. ಅಪರೂಪದ ತಪ್ಪು ಎಂದು ವ್ಯಾಪಾರಿ ಬೆಲೆ ಏರಿಸಿದರೆ ಸುಮ್ನೆ ಮುಂದೆ ಹೋಗಿ, ಅಂಥವು ಬೇಕಾದಷ್ಟಿವೆ.