ಫ್ರೇಸಲ್ ವರ್ಬ್ ಕಲಿಯುವುದು ಹೇಗೆ? ಮೊದಲು ಆ ಪಟ್ಟಿ ಪಕ್ಕಕ್ಕಿಡಿ

ಸ್ಪೋಕನ್ ಇಂಗ್ಲಿಷ್ ಕಲಿಯಲು ನನ್ನ ಹತ್ತಿರ ಬರುವವರ ನೋಟ್‌ಬುಕ್ಕಿನಲ್ಲಿ ಫ್ರೇಸಲ್ ವರ್ಬ್‌ಗಳ ಒಂದು ಪಟ್ಟಿ ಇದ್ದೇ ಇರುತ್ತದೆ. ಫ್ರೇಸಲ್ ವರ್ಬ್ ಅಂದರೆ ಕ್ರಿಯಾಪದಕ್ಕೆ ಆಫ್, ಅಪ್‌ನಂಥ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ. ಪುಟ್ ಆಫ್, ಪುಟ್ ಆನ್, ಪುಟ್ ಔಟ್... ಎದುರಿಗೆ ಕನ್ನಡ ಅರ್ಥ. ಬಾಯಿಪಾಠ ಚೆನ್ನಾಗಿರುತ್ತದೆ, ಮಾತಾಡುವಾಗ ಮಾತ್ರ ಎಲ್ಲ ಅದಲುಬದಲು. ಒಬ್ಬ ಹುಡುಗ ‘ಮೀಟಿಂಗ್ ಕಾಲ್ಡ್ ಆಫ್’ ಎಂಬ ಮೆಸೇಜ್ ಓದಿ, ಮುಂದೂಡಿದ್ದಾರೆ ಅಂದುಕೊಂಡು ಹೊಸ ತಾರೀಕಿಗೆ ಕಾಯುತ್ತಾ ಕೂತಿದ್ದ. ಮುಂದೂಡುವುದು ಪುಟ್ ಆಫ್. ಕಾಲ್ ಆಫ್ ಅಂದರೆ ರದ್ದು.

ಮೊದಲು ಭಯ ಬಿಡಿ. ‘ಗಾಡಿ ಕೈಕೊಟ್ಟಿತು’ ಅನ್ನುತ್ತೇವೆ, ಅಲ್ವಾ? ಅದರಲ್ಲಿ ಕೈಯೂ ಇಲ್ಲ, ಕೊಡುವುದೂ ಇಲ್ಲ. ಇಂಗ್ಲಿಷಿನಲ್ಲಿ ಅದೇ ಬ್ರೇಕ್ ಡೌನ್. ನಾವು ಕೈಬಿಟ್ಟರೆ ಅವರು ಗಿವ್ ಅಪ್.

ದಿನಕ್ಕೆ ಎರಡೇ ಕಲಿಯಿರಿ. ಒಂದೇ ವರ್ಬಿನ ಗುಂಪನ್ನು ಒಟ್ಟಿಗೆ ಕಲಿಯಬೇಡಿ, ಕಲಸಿಹೋಗುತ್ತದೆ. ‘30 ದಿನದಲ್ಲಿ 1000’ ಎನ್ನುವ ಪುಸ್ತಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಬರೆದುಕೊಳ್ಳುವಾಗ ಪೂರ್ತಿ ವಾಕ್ಯ ಬರೆಯಿರಿ. ಟೇಕ್ ಆಫ್ ತೆಗೆದುಕೊಳ್ಳಿ: ವಿಮಾನವಾದರೆ ಮೇಲೇರಿತು, ಶೂ ಆದರೆ ಬಿಚ್ಚಿದರು, ವ್ಯಾಪಾರವಾದರೆ ಕುದುರಿತು, ‘ಟೇಕ್ ಮಂಡೇ ಆಫ್’ ಅಂದರೆ ಸೋಮವಾರ ರಜೆ ಹಾಕು. ಏನು, ಯಾವುದಕ್ಕೆ ಅನ್ನುವುದು ಜೊತೆಗಿಲ್ಲದೆ ಅರ್ಥವೇ ಇಲ್ಲ.

ಈಗ ಎಲ್ಲರೂ ಎಡವುವ ಜಾಗ. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ಫ್ಯಾನ್ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ತಪ್ಪು. ಹಾಗಂತ ಎಲ್ಲವನ್ನೂ ಬಿಡಿಸಲಾಗದು. ಅಜ್ಜಿಯನ್ನು ನೋಡಿಕೊಳ್ಳುವುದಕ್ಕೆ ‘ಲುಕ್ ಆಫ್ಟರ್ ಹರ್’ ಅಷ್ಟೇ, ‘ಲುಕ್ ಹರ್ ಆಫ್ಟರ್’ ಇಲ್ಲವೇ ಇಲ್ಲ. ಯಾವುದು ಬಿಡಿಸಬಹುದು ಎಂದು ಗೊತ್ತಾಗುವುದು ಹೇಗೆ? ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿ ತೆರೆಯಿರಿ, ಕೇಂಬ್ರಿಡ್ಜ್‌ನದು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ‘ಸಮ್‌ಥಿಂಗ್’ ನಡುವೆ ಇದ್ದರೆ ಬಿಡಿಸಬಹುದು, ಕೊನೆಯಲ್ಲೇ ಇದ್ದರೆ ಮುಟ್ಟಬೇಡಿ. ಅನುವಾದದ ಆಪ್ ನಿಮಗೆ ಇದನ್ನು ಹೇಳುವುದಿಲ್ಲ. ನಿಯಮ ನೆನಪಿಡುವುದಕ್ಕಿಂತ ನಾಲಿಗೆ ಪಳಗಿಸುವುದು ವಾಸಿ. ಸ್ವಿಚ್ಚಿನ ಮೇಲೆ ಬೆರಳಿಟ್ಟಾಗಲೆಲ್ಲ ‘ಟರ್ನ್ ಇಟ್ ಆನ್’, ‘ಟರ್ನ್ ಇಟ್ ಆಫ್’ ಅಂತ ಜೋರಾಗಿ ಹೇಳಿ. ಮನೆಯವರು ನಕ್ಕರೂ ಪರವಾಗಿಲ್ಲ, ಒಂದು ವಾರದಲ್ಲಿ ತಪ್ಪು ರೂಪ ಕೇಳಿದರೆ ನಿಮಗೇ ಕಿವಿಗೆ ಚುಚ್ಚುತ್ತದೆ.

ಮೂರು ಪದದವು ಸುಲಭ, ಒಂದೇ ಪದ ಅಂದುಕೊಳ್ಳಿ: ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳುವುದು, ರನ್ ಔಟ್ ಆಫ್ ಅಂದರೆ ಖಾಲಿಯಾಗುವುದು. ‘ಕೋಪ್ ಅಪ್ ವಿತ್’ ಮಾತ್ರ ಬೇಡ, ಅದು ಬರೀ ‘ಕೋಪ್ ವಿತ್’.

ಇನ್ನೊಂದು, ಬಯೋಡೇಟಾ ಬರೆಯುವವರಿಗೆ. ‘ಐ ಪಾಸ್ಡ್ ಔಟ್ ಇನ್ 2019’ ಅಂದರೆ ಇಲ್ಲಿ ಡಿಗ್ರಿ ಮುಗಿಸಿದೆ ಅಂತ ಎಲ್ಲರಿಗೂ ಗೊತ್ತು. ಅಮೆರಿಕದ ಕಂಪನಿಯವರಿಗೆ ಅದು ‘ಪ್ರಜ್ಞೆ ತಪ್ಪಿ ಬಿದ್ದೆ’ ಅಂತ ಕೇಳಿಸುತ್ತದೆ. ಅಲ್ಲಿಗೆ ಕಳಿಸುವಾಗ ‘ಗ್ರಾಜುಯೇಟೆಡ್’ ಅಂತಲೇ ಬರೆಯಿರಿ.