ಪ್ಲಾಸ್ಮಿಡ್‌ನ ಜಾಡು ಹಿಡಿದು: ನನ್ನ ಅನುಭವ

ಸಾಕಿದ ಕೋಳಿಗಳು, ಅವುಗಳ ಹಸಿ ಮಾಂಸ ಮತ್ತು ಅವುಗಳೊಡನೆ ದುಡಿಯುವ ಜನರಲ್ಲಿ ಸಿಗುವ ಔಷಧ ನಿರೋಧಕ ಇ. ಕೋಲೈ ಬ್ಯಾಕ್ಟೀರಿಯಾಗಳಿಗೆ ಪರಸ್ಪರ ಸಂಬಂಧವಿದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ಕೈಗೆತ್ತಿಕೊಂಡಾಗ, ಯಾವುದನ್ನು ಯಾವುದರೊಡನೆ ಹೋಲಿಸಬೇಕೆಂಬುದನ್ನು ನಾನು ಮೊದಲು ನಿರ್ಧರಿಸಬೇಕಾಯಿತು. ಬ್ಯಾಕ್ಟೀರಿಯಾದ ತಳಿಗಳನ್ನಷ್ಟೇ ಹೋಲಿಸಿದರೆ ಮುಖ್ಯವಾದುದೇ ಕೈತಪ್ಪುತ್ತದೆ. ಏಕೆಂದರೆ ಅನೇಕ ನಿರೋಧಕ ಜೀನ್‌ಗಳು ಇರುವುದು ಒಂದು ಕೋಶದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರಗಳಾದ ಪ್ಲಾಸ್ಮಿಡ್‌ಗಳಲ್ಲಿ. ಬೇರೆ ಔಷಧಗಳು ಸೋತಾಗ ವೈದ್ಯರು ಬಳಸುವ ಕೊಲಿಸ್ಟಿನ್‌ಗೂ ನಿರೋಧ ನೀಡುವ ಎಂಸಿಆರ್-1 ಜೀನ್ ಹಂದಿಗಳಲ್ಲಿ, ಮಾಂಸದಲ್ಲಿ ಮತ್ತು ರೋಗಿಗಳಲ್ಲಿ ಇದೆಯೆಂದು ಚೀನಾದ ಸಂಶೋಧಕರು 2015ರಲ್ಲಿ ವರದಿ ಮಾಡಿದಾಗ, ಅದೂ ಪ್ಲಾಸ್ಮಿಡ್‌ನಲ್ಲೇ ಇತ್ತು.

ಮಾದರಿಗಳನ್ನು ಸೆಫೋಟಾಕ್ಸಿಮ್ ಎಂಬ ಪ್ರತಿಜೀವಕ ಬೆರೆಸಿದ, ಮ್ಯಾಕ್‌ಕಾಂಕಿ ಅಗಾರ್ ಎಂಬ ಪೋಷಕ ಮಾಧ್ಯಮದಲ್ಲಿ ಬೆಳೆಸಿದೆ. ಬಂದ ಇ. ಕೋಲೈ ಕಾಲೊನಿಗಳನ್ನು (ಒಟ್ಟಾಗಿ ಬೆಳೆದ ಗುಂಪುಗಳನ್ನು) ಸೆಫೋಟಾಕ್ಸಿಮ್ ಮಾತ್ರ ಇರುವ ಮತ್ತು ಅದರೊಡನೆ, ಔಷಧ ಒಡೆಯುವ ಕಿಣ್ವವನ್ನು ತಡೆಯುವ ಕ್ಲಾವುಲಾನಿಕ್ ಆಮ್ಲವೂ ಇರುವ ಡಿಸ್ಕ್‌ಗಳಿಂದ ಪರೀಕ್ಷಿಸಿ, ಎರಡನೆಯದರ ಸುತ್ತಲಿನ ತಡೆವಲಯ (ಬ್ಯಾಕ್ಟೀರಿಯಾ ಬೆಳೆಯದ ಜಾಗ) ಕನಿಷ್ಠ 5 ಮಿ.ಮೀ. ಹೆಚ್ಚಿದ್ದವುಗಳನ್ನು ಸೆಫೋಟಾಕ್ಸಿಮ್‌ನಂಥ ಔಷಧಗಳನ್ನು ಒಡೆಯುವ ಇಎಸ್‌ಬಿಎಲ್ ಕಿಣ್ವ ಉಳ್ಳವೆಂದು ಆರಿಸಿಕೊಂಡೆ.

ನನಗೆ ಅತ್ಯಂತ ಮಹತ್ವದ್ದೆನಿಸಿದ್ದು ಮುಂದಿನ ಹಂತ: ನಿರೋಧ ನೀಡುವ ಪ್ಲಾಸ್ಮಿಡ್ ಇನ್ನೊಂದು ಕೋಶಕ್ಕೆ ನಿಜಕ್ಕೂ ದಾಟುತ್ತದೆಯೇ ಎಂದು ನೋಡುವುದು. ಸೋಡಿಯಂ ಅಜೈಡನ್ನು ತಾಳಿಕೊಳ್ಳುವ, ಆದರೆ ಸೆಫೋಟಾಕ್ಸಿಮ್‌ಗೆ ಮಣಿಯುವ ಜೆ53 ಎಂಬ ಪ್ರಯೋಗಾಲಯದ ಇ. ಕೋಲೈ ತಳಿಯೊಡನೆ ನನ್ನ ಕಾಲೊನಿಗಳನ್ನು ರಾತ್ರಿಯಿಡೀ ಒಟ್ಟಿಗೆ ಬೆಳೆಸಿ, ಎರಡೂ ರಾಸಾಯನಿಕಗಳಿರುವ ತಟ್ಟೆಗೆ ಹಚ್ಚಿದೆ. ಅಜೈಡ್ ದಾನಿಯನ್ನು (ಪ್ಲಾಸ್ಮಿಡ್ ಕೊಡಬಹುದಾದ ನನ್ನ ಕಾಲೊನಿಯನ್ನು) ತಡೆಯುತ್ತದೆ, ಸೆಫೋಟಾಕ್ಸಿಮ್ ಜೆ53 ತಳಿಯನ್ನು ತಡೆಯುತ್ತದೆ. ಆದ್ದರಿಂದ ಅಲ್ಲಿ ಬೆಳೆಯುವುದು ಪ್ಲಾಸ್ಮಿಡ್ ಪಡೆದ ಜೆ53 ಮಾತ್ರ. ಆದರೂ ದಾನಿಯನ್ನೂ ಜೆ53 ತಳಿಯನ್ನೂ ಪ್ರತ್ಯೇಕವಾಗಿ ಅಂಥದೇ ತಟ್ಟೆಗಳಿಗೆ ಹಚ್ಚಿ, ಅವು ಬರಿದಾಗಿಯೇ ಉಳಿದವೆಂದು ಕಂಡ ಮೇಲೆಯೇ ಫಲಿತಾಂಶವನ್ನು ಒಪ್ಪಿಕೊಳ್ಳಬೇಕು. ಈ ವಿಷಯದಲ್ಲಿ ರಿಯಾಯಿತಿ ಸಲ್ಲದು. ದ್ರವ ಮಾಧ್ಯಮದಲ್ಲಿ ದಾಟದ ಕೆಲವು ಪ್ಲಾಸ್ಮಿಡ್‌ಗಳು ಘನ ಮೇಲ್ಮೈಯಲ್ಲಿ ಸುಲಭವಾಗಿ ದಾಟುವುದರಿಂದ, ಪ್ರಯೋಗವನ್ನು ಫಿಲ್ಟರ್ ಮೇಲೂ ನಡೆಸಿದೆ.

ಈ ಬ್ಯಾಕ್ಟೀರಿಯಾಗಳ ಜೀನೋಮ್ (ಪೂರ್ತಿ ಡಿಎನ್‌ಎ) ಓದಿಸುವಾಗ, ಅದನ್ನು ಉದ್ದ ತುಣುಕುಗಳಲ್ಲಿ ಓದುವ ವಿಧಾನವನ್ನೂ ಸೇರಿಸಿಕೊಂಡೆ, ಏಕೆಂದರೆ ಪ್ಲಾಸ್ಮಿಡ್‌ಗಳಲ್ಲಿ ಮತ್ತೆಮತ್ತೆ ಬರುವ ಒಂದೇ ಬಗೆಯ ಅನುಕ್ರಮಗಳಿಂದಾಗಿ ಗಿಡ್ಡ ತುಣುಕುಗಳಷ್ಟರಿಂದಲೇ ಉಂಗುರವನ್ನು ಪೂರ್ತಿ ಜೋಡಿಸುವುದು ಕಷ್ಟ. ಕೋಳಿಯಿಂದ ಬಂದ ತಳಿಯೂ ಮನುಷ್ಯನಿಂದ ಬಂದ ತಳಿಯೂ ತೀರ ಬೇರೆಯಾಗಿದ್ದು, ಅವುಗಳೊಳಗಿನ ಪ್ಲಾಸ್ಮಿಡ್ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿದ್ದ ಜೋಡಿಗಳು ಸಿಕ್ಕವು. ಅದು ಕೋಳಿಯಿಂದ ಮನುಷ್ಯನಿಗೆ ಬಂದಿತೋ, ಮನುಷ್ಯನಿಂದ ಕೋಳಿಗೆ ಹೋಯಿತೋ, ಇಬ್ಬರಿಗೂ ನೀರಿನಂಥ ಮೂರನೆಯ ಮೂಲದಿಂದ ತಲುಪಿತೋ ಎಂಬುದನ್ನು ಈ ಹೋಲಿಕೆಯೊಂದೇ ಹೇಳಲಾರದು. ಹೀಗಾಗಿ ಈಗ ಒಂದೇ ಸ್ಥಳದಿಂದ ಕಾಲಕಾಲಕ್ಕೆ ಮಾದರಿ ತೆಗೆಯುತ್ತೇನೆ, ನೀರು ಮತ್ತು ಗೊಬ್ಬರದ ಮಾದರಿಗಳನ್ನೂ ಸೇರಿಸುತ್ತೇನೆ, ಕೋಳಿಗಳಿಗೆ ಯಾವ ಔಷಧವನ್ನು ಯಾವಾಗ ಕೊಟ್ಟರೆಂಬ ದಾಖಲೆಯನ್ನೂ ಪ್ರತಿ ಮಾದರಿಯ ಜೊತೆಗೆ ಕೇಳಿ ಪಡೆಯುತ್ತೇನೆ.