ಸ್ವಂತ ಗಾಡಿ, ಸ್ವಂತ ಬಾಡಿಗೆ: ಗೂಡ್ಸ್ ಗಾಡಿ ಕೊಳ್ಳುವ ಮೊದಲು

ಬೆಳಗ್ಗೆ ಬೆಂಗಳೂರಿನ ಕಲಾಸಿಪಾಳ್ಯ, ಯಶವಂತಪುರ ಎಪಿಎಂಸಿ ಅಥವಾ ಪೀಣ್ಯದ ಕಡೆ ಹೋದರೆ ಬಾಡಿಗೆಗೆ ಕಾದು ನಿಂತ ಟಾಟಾ ಏಸ್‌ಗಳ ಸಾಲು ಕಾಣುತ್ತದೆ. 2005ರಲ್ಲಿ ಈ ಪುಟ್ಟ ಗಾಡಿ ಬಂದ ಮೇಲೆ, ಇನ್ನೊಬ್ಬರ ಲಾರಿ ಓಡಿಸುತ್ತಿದ್ದ ಎಷ್ಟೋ ಮಂದಿ ತಾವೇ ಮಾಲೀಕರಾದರು. ನೀವೂ ಆಗಬಹುದು. ಆದರೆ ಡೌನ್ ಪೇಮೆಂಟ್ ಹೊಂದಿತೆಂದು ನೇರ ಶೋರೂಮಿಗೆ ಹೋಗಬೇಡಿ. ಮೊದಲು ಕೆಲಸ ನೋಡಿ, ಆಮೇಲೆ ಗಾಡಿ.

ಯಾವ ಲೋಡು, ಯಾವ ಗಾಡಿ

ಕೆಲವು ವಾರ ಬೇರೆಯವರ ಗಾಡಿಯನ್ನು ದಿನಗೂಲಿಗೆ ಓಡಿಸಿ. ಹೂವು, ತರಕಾರಿ ಬಾಡಿಗೆ ನಸುಕಿಗೇ ಶುರುವಾಗುತ್ತದೆ. ಕಾರ್ಖಾನೆಗಳ ಮಾಲು ಹಗಲಿನ ಕೆಲಸ. ಮನೆ ಶಿಫ್ಟಿಂಗ್ ಹೆಚ್ಚಾಗಿ ತಿಂಗಳ ಕೊನೆಗೆ, ಭಾನುವಾರಕ್ಕೆ. ನಿಮಗೆ ಯಾವುದು ಒಗ್ಗುತ್ತದೋ ಅದರ ಮೇಲೆ ಗಾಡಿ ಆರಿಸಿ. ಟಾಟಾ ಏಸ್‌ನಂಥವು ಮುಕ್ಕಾಲು ಟನ್ ಆಸುಪಾಸು ಹೊರುತ್ತವೆ. ಆದರೆ ತೂಕ ನೋಡಿದರಷ್ಟೇ ಸಾಲದು, ಬಾಡಿಯ ಅಳತೆಯನ್ನೂ ನೋಡಬೇಕು. ಎಂಟು ಅಡಿ ಉದ್ದದ ಪ್ಲೈವುಡ್ ಹಾಳೆ ಏಳು ಅಡಿ ಚಿಲ್ಲರೆ ಉದ್ದದ ಬಾಡಿಯಲ್ಲಿ ಪೂರ್ತಿ ಕೂರುವುದಿಲ್ಲ, ಹಿಂದಿನ ಡೋರ್ ತೆರೆದೇ ಹೋಗಬೇಕಾಗುತ್ತದೆ. ಪ್ಲೈವುಡ್, ಪೈಪು ಸಾಗಿಸುವವರು ಉದ್ದ ಬಾಡಿಯ ಪಿಕಪ್ ನೋಡುವುದೇ ಒಳ್ಳೆಯದು.

ಸಾಲಕ್ಕೆ ಮುದ್ರಾ ಯೋಜನೆ ಇದೆ. 10 ಲಕ್ಷ ರೂಪಾಯಿವರೆಗಿನ ಮುದ್ರಾ ಸಾಲಕ್ಕೆ ಆಸ್ತಿ ಅಡ ಇಡಬೇಕಿಲ್ಲ. ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಪ್ರಕಟಿಸಿದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ನಿರುದ್ಯೋಗಿ ಯುವಕರಿಗೆ ಗಾಡಿ ಬೆಲೆಯ ಶೇ 75, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನ ಉಂಟು. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷ. ಈ ವರ್ಷದ ಅರ್ಜಿಯ ಗಡುವನ್ನು ನಿಮ್ಮ ಸಮುದಾಯದ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲೇ ಕೇಳಿ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ಕಾಗದಪತ್ರ

ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ ಒಟ್ಟು ತೂಕ 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿ ಓಡಿಸಲು ಬೇರೆ ಒಪ್ಪಿಗೆ ಬೇಡ. ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಇದನ್ನು ಖಚಿತಪಡಿಸಿದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಪರ್ಮಿಟ್‌ನಿಂದಲೂ ವಿನಾಯಿತಿ ಇದೆ. ಇಲ್ಲಿ ಒಟ್ಟು ತೂಕವೆಂದರೆ ಗಾಡಿ, ಮಾಲು ಎರಡೂ ಸೇರಿದ್ದು. ಹಳದಿ ಬೋರ್ಡ್ ಮಾತ್ರ ಬೇಕೇ ಬೇಕು. ವೈಟ್ ಬೋರ್ಡ್‌ನಲ್ಲಿ ಬಾಡಿಗೆ ಹೊಡೆದು ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯುತ್ತದೆ. ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರವಾದ ಎಫ್‌ಸಿಯನ್ನು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಮಾಡಿಸಬೇಕು.

ಗಾಡಿಯ ವಿಮೆ ಒಳಗಿನ ಮಾಲಿಗೆ ಅನ್ವಯಿಸುವುದಿಲ್ಲ. ಟಿವಿ ಒಡೆದರೆ ಗ್ರಾಹಕರು ನಿಮ್ಮನ್ನೇ ಹಿಡಿಯುತ್ತಾರೆ. ದುಬಾರಿ ಸಾಮಾನಿದ್ದರೆ ಸಾಗಣೆ ವಿಮೆ ಯಾರದು ಎಂದು ಮೊದಲೇ ಮಾತಾಡಿ, ಲೋಡ್ ಮಾಡುವ ಮುನ್ನ ಫೋಟೊ ತೆಗೆದಿಡಿ.

ಬಾಡಿಗೆ ಲೆಕ್ಕ

ಹೊಸಬರು ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಲೆಕ್ಕ ಹಾಕೋಣ. ಸಾಲದ ಕಂತು ತಿಂಗಳಿಗೆ 13,000 ಎಂದಿಟ್ಟುಕೊಳ್ಳಿ. ವಿಮೆ, ತೆರಿಗೆ, ಎಫ್‌ಸಿಗೆಂದು ಎತ್ತಿಡುವುದು 3,000. ಸರ್ವಿಸ್, ಟೈರಿಗೆ 3,000. ಪಾರ್ಕಿಂಗ್, ಫೋನಿಗೆ 1,000. ಒಟ್ಟು 20,000. ತಿಂಗಳಿಗೆ 25 ದಿನ ದುಡಿದರೆ, ಕೀ ತಿರುಗಿಸುವ ಮೊದಲೇ ದಿನಕ್ಕೆ 800 ರೂಪಾಯಿ ಖರ್ಚು ಬಿದ್ದಿರುತ್ತದೆ.

ಇನ್ನು ಡೀಸೆಲ್. ಲೀಟರಿಗೆ 90 ರೂಪಾಯಿ, 15 ಕಿ.ಮೀ. ಮೈಲೇಜ್ ಎಂದರೆ ಕಿಲೋಮೀಟರಿಗೆ 6 ರೂಪಾಯಿ. ಹನ್ನೆರಡು ಕಿ.ಮೀ. ದೂರಕ್ಕೆ 500 ರೂಪಾಯಿ ಬಾಡಿಗೆ ಸಿಕ್ಕಿತು, ವಾಪಸ್ ಖಾಲಿ ಬಂದಿರಿ. ಓಡಿದ್ದು 24 ಕಿ.ಮೀ., ಡೀಸೆಲ್ 144 ರೂಪಾಯಿ. ಇಂಥ ಮೂರು ಬಾಡಿಗೆ ಹೊಡೆದರೆ 1,500ರಲ್ಲಿ ಡೀಸೆಲ್‌ಗೆ 432 ಹೋಗಿ ಉಳಿಯುವುದು 1,068. ಅದರಲ್ಲಿ 800 ಕಳೆದರೆ ದಿನದ ದುಡಿಮೆ 268 ರೂಪಾಯಿ! ಬಾಡಿಗೆ ಕೊಡಿಸುವ ಆ್ಯಪ್‌ನ ಕಮಿಷನ್ ಇದ್ದರೆ ಅದೂ ಇಲ್ಲ. ಅದೇ ವಾಪಸ್ ಬರುವಾಗ 300 ರೂಪಾಯಿಯ ಒಂದು ಲೋಡ್ ಸಿಕ್ಕರೆ ದುಡಿಮೆ ಎರಡರಷ್ಟಾಗುತ್ತದೆ. ಬಾಡಿಗೆ ಒಪ್ಪುವ ಮೊದಲು 'ಅಲ್ಲಿಂದ ವಾಪಸ್ ಏನು ಸಿಗುತ್ತದೆ' ಎಂದು ಯೋಚಿಸುವುದು ಈ ಕಸುಬಿನ ಅರ್ಧ ವಿದ್ಯೆ. ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಬರೆಯಿರಿ. ಎಲ್ಲ ಖರ್ಚು ಕಳೆದ ಮೇಲೂ ದಿನಕ್ಕೆ 800 ರೂಪಾಯಿ ಕೈಯಲ್ಲಿ ಉಳಿಯುವಂತೆ ಕಾಣದಿದ್ದರೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ, ಕಂತು ಇಳಿಯುತ್ತದೆ.

ಆ್ಯಪ್ ಮತ್ತು ಅಂಗಡಿ

ಪೋರ್ಟರ್‌ನಂಥ ಆ್ಯಪ್‌ಗಳು ಮೊದಲ ದಿನದಿಂದಲೇ ಕೆಲಸ ಕೊಡುತ್ತವೆ, ನಗರದ ಪರಿಚಯ ಮಾಡಿಸುತ್ತವೆ. ಆದರೆ ದರ ನಿಮ್ಮ ಕೈಯಲ್ಲಿರುವುದಿಲ್ಲ. 2025ರಲ್ಲಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ದುಡಿಯುವವರ) ಕಾಯ್ದೆ ಮಾಲು ಸಾಗಿಸುವವರಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಕಂಪನಿ ನಿಮ್ಮನ್ನು ಕೈಬಿಡಬೇಕಾದರೆ ಲಿಖಿತ ಕಾರಣ ಕೊಟ್ಟು 14 ದಿನ ಮೊದಲೇ ತಿಳಿಸಬೇಕು. ಇದನ್ನು ಪ್ರತಿ ಚಾಲಕರೂ ತಿಳಿದಿರಬೇಕು.

ಆ್ಯಪ್ ಓಡಿಸುತ್ತಲೇ ಎರಡು ಮೂರು ಅಂಗಡಿಗಳನ್ನು ಖಾಯಂ ಹಿಡಿಯಿರಿ. ಹಾರ್ಡ್‌ವೇರ್, ಟೈಲ್ಸ್, ಕ್ಯಾಟರಿಂಗ್‌ನವರಿಗೆ ಹೇಳಿದ ಹೊತ್ತಿಗೆ ಬರುವ ಗಾಡಿ ಬೇಕು, ಹತ್ತಿಪ್ಪತ್ತು ರೂಪಾಯಿಗೆ ಅವರು ಚೌಕಾಸಿ ಮಾಡುವುದಿಲ್ಲ. ಲೋಡಿಂಗ್ ಕೂಲಿ ಯಾರದು, ಕಾಯುವ ಹೊತ್ತಿಗೆ ಎಷ್ಟು ಎಂಬುದನ್ನು ಮೊದಲೇ ಹೇಳಿ.

'ಇನ್ನೊಂದು ಹತ್ತು ಮೂಟೆ ಹಾಕಿ ಅಣ್ಣ' ಎಂದರೆ ಒಪ್ಪಬೇಡಿ. ಓವರ್‌ಲೋಡ್ ದಂಡ 20,000 ರೂಪಾಯಿಯಿಂದ ಶುರು, ಹೆಚ್ಚುವರಿ ಪ್ರತಿ ಟನ್‌ಗೆ ಮತ್ತೆ 2,000. ಭಾರದ ಸಾಮಾನನ್ನು ಕ್ಯಾಬಿನ್ ಕಡೆ, ಕೆಳಗೆ ಇಡಿ. ಹಗ್ಗ ಕಟ್ಟಿದ ಮೇಲೆ ಒಂದು ಕಿಲೋಮೀಟರ್ ಹೋಗಿ ಇಳಿದು ಮತ್ತೆ ಬಿಗಿ ನೋಡಿ, ಕುಲುಕಾಟಕ್ಕೆ ಅದು ಸಡಿಲಾಗಿರುತ್ತದೆ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಮಾಲು ಸಾಗಣೆಯ ಜಿಎಸ್‌ಟಿ ದಾಖಲೆ) ಕೇಳಿ ಪಡೆದೇ ಹೊರಡಿ.

ಖಾಯಂ ಗಿರಾಕಿಗಳು ತಿಂಗಳ ಲೆಕ್ಕ ಕೇಳುತ್ತಾರೆ. ಶುರುವಿನಲ್ಲಿ ವಾರದ ಲೆಕ್ಕಕ್ಕಷ್ಟೇ ಒಪ್ಪಿ, ಟ್ರಿಪ್ ಶೀಟಿಗೆ ಅಂದಂದೇ ಸಹಿ ಹಾಕಿಸಿಕೊಳ್ಳಿ. ಕಂಪನಿ ಬಾಡಿಗೆಯಾದರೆ, ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲವೆಂದು ಬರೆದು ಪ್ಯಾನ್ ಸಂಖ್ಯೆ ಕೊಡಿ, ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವುದಿಲ್ಲ. ಹಿಂದಿನ ಬಾಕಿ ಕೈಗೆ ಬರುವವರೆಗೆ ಅದೇ ಗಿರಾಕಿಯ ಮುಂದಿನ ವಾರದ ಲೋಡ್ ಎತ್ತಬೇಡಿ.